ಹುಲಿಕಲ್ಲಿನಲ್ಲಿ ಇಳಿಸಿದ ತಂಗಿ

ನನ್ನ ತಂಗಿಯನ್ನು ನಾನು ತಂಗಿಯಲ್ಲ ಎಂದು ಹೇಳಿದ್ದೇನೆ. ಅವಳ ಎದುರಿಗೇ ಹೇಳಿದ್ದೇನೆ. ಯಾರೂ ನನ್ನನ್ನು ಹೆದರಿಸಿರಲಿಲ್ಲ, ಒತ್ತಾಯ ಮಾಡಿರಲಿಲ್ಲ — ಒಂದು ಸಾಧಾರಣ ಪ್ರಶ್ನೆ ಕೇಳಿದ್ದರು, ಅಷ್ಟೆ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು ನಾನು, ಬರೆದು ರೂಢಿಯಿಲ್ಲ. ಆದರೆ ಇದನ್ನು ಬಾಯಲ್ಲಿ ಹೇಳಲು ಹೋದಾಗಲೆಲ್ಲ ಮಾತು ಬೇರೆ ಎಲ್ಲಿಗೋ ತಿರುಗಿಬಿಡುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

ತೀರ್ಥಹಳ್ಳಿಯಲ್ಲಿ ಟೆಂಪೋ ಟ್ರಾವೆಲರ್ ಓಡಿಸುತ್ತೇನೆ. ಹೋಂಸ್ಟೇಗಳಿಗೆ ಬಂದ ಜನರನ್ನು ಬೆಳಿಗ್ಗೆ ಹತ್ತಿಸಿಕೊಂಡು, ಊರು ತೋರಿಸಿ, ಸಂಜೆಗೆ ವಾಪಸು ತಂದು ಬಿಡುವ ಕೆಲಸ. ಕೆಲವರಿಗೆ ಕವಲೇದುರ್ಗ ಬೇಕು, ಕೆಲವರಿಗೆ ಹೊಸನಗರದ ಕಡೆಯ ಗುಡ್ಡದ ಊರುಗಳು, ಸಾಗರದ ಮೇಲೆ ಜೋಗ. ಹೆಚ್ಚಿನವರು ಕೇಳುವುದು ಮಾತ್ರ ಸಮುದ್ರ. ಹುಲಿಕಲ್ ಘಾಟಿ ಇಳಿದರೆ ಕುಂದಾಪುರ, ಅದರಾಚೆ ಮರವಂತೆ. ಆ ದಾರಿಯ ಒಂದೊಂದು ತಿರುವೂ ನನ್ನ ಕೈಗೆ ಗೊತ್ತು.

ನನ್ನ ತಂಗಿ ವನಜ ಸಮುದ್ರವನ್ನೇ ನೋಡಿರಲಿಲ್ಲ. ಅಪ್ಪ ಅಮ್ಮ ಹೋದ ಮೇಲೆ ಮನೆಯಲ್ಲಿ ನಾವಿಬ್ಬರೇ. ಹುಡುಗಿಯಾಗಿದ್ದಾಗಲೇ ಅವಳಿಗೆ ತೊನ್ನು ಶುರುವಾಗಿತ್ತು. ಮೊದಲು ಬೆರಳ ತುದಿ, ಆಮೇಲೆ ಪೂರ್ತಿ ಕೈ, ತುಟಿಯ ಸುತ್ತ. ಮುಟ್ಟಿದರೆ ಅಂಟುವುದಲ್ಲ ಎಂದು ಡಾಕ್ಟರು ನನ್ನೆದುರೇ ಹೇಳಿದ್ದರು. ನನಗೆ ಡಾಕ್ಟರು ಬೇರೆ ಹೇಳಬೇಕೇ — ಇಷ್ಟು ವರ್ಷ ಆ ಕೈಯ ಅಡುಗೆಯನ್ನೇ ಉಂಡವನು. ಮದುವೆ, ನಾಮಕರಣ ಎಂದರೆ ಜನ ನನ್ನೊಬ್ಬನನ್ನೇ ಕರೆಯುತ್ತಿದ್ದರು. ನಾನು ಹೋಗಿ ಉಂಡು ಬರುತ್ತಿದ್ದೆ. ಅದೂ ಒಂದು ತಪ್ಪೇ ಎಂದು ಆಗ ಹೊಳೆದಿರಲಿಲ್ಲ.

ಒಂದು ಸಲ ಮರವಂತೆ ನೋಡಬೇಕೆಂದು ಒಂದು ಪಾರ್ಟಿ ಬಂದಿತ್ತು; ಗಾಡಿಯಲ್ಲಿ ನನ್ನ ಪಕ್ಕದ ಸೀಟು ಖಾಲಿಯಿತ್ತು. ನಾನೇ ಕರೆದೆ.

"ನಾನ್ಯಾಕೆ ಅಣ್ಣ, ಪಾರ್ಟಿಯೋರಿಗೆ ಸುಮ್ನೆ ತೊಂದ್ರೆ" ಎಂದಳು.

"ತೊಂದ್ರೆ ಎಂತದು ಮಾರಾಯ್ತಿ! ಬಾ."

"ಅಲೆ ಬಂದು ಎಳ್ಕೊಂಡು ಹೋದ್ರೆ?"

"ಹೋದ್ರೆ ಹೋಯ್ತು. ಅಡುಗೆ ನಾನೇ ಮಾಡ್ಕೊಳ್ತೀನಿ."

"ನಿನ್ನ ಅಡುಗೆ ತಿನ್ನೋ ಬದ್ಲು ನೀನೂ ನನ್ ಹಿಂದೇನೇ ಹಾರು" ಎಂದು ನಕ್ಕಳು.

ಬೆಳಿಗ್ಗೆ ಚಿತ್ರಾನ್ನ ಮಾಡಿ ಎರಡು ಡಬ್ಬಿಗೆ ತುಂಬಿದಳು. ನೀರಲ್ಲಿ ನೆನೆದರೆ ಇರಲಿ ಎಂದು ಇನ್ನೊಂದು ಸೀರೆಯನ್ನು ಚೀಲಕ್ಕೆ ಹಾಕಿಕೊಂಡಳು. ಪಾರ್ಟಿಯವರು ಹತ್ತುವಾಗ ಅವಳು ಯಾರೆಂದು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಅಲ್ಲೇ ಹೇಳಿಬಿಟ್ಟಿದ್ದರೆ —

ಘಾಟಿ ಇಳಿಯುವ ಮೊದಲು ಹುಲಿಕಲ್ಲಿನ ದೇವಿಯ ಗುಡಿಯ ಹತ್ತಿರ ಗಾಡಿ ನಿಲ್ಲಿಸಿ, ಕೈಮುಗಿದು, ಕಾಯಿ ಒಡೆಸುವುದು ನಮ್ಮ ರೂಢಿ. ಆ ದಿನ ಪ್ರಸಾದದ ಕಾಯಿಯನ್ನು ವನಜ ಚೂರು ಮಾಡಿ ಹಂಚತೊಡಗಿದಳು. ದಾರಿಯುದ್ದಕ್ಕೂ ಸೆರಗಿನಲ್ಲಿ ಕೈ ಮುಚ್ಚಿಕೊಂಡೇ ಕೂತಿದ್ದವಳು, ಸಂತೋಷದಲ್ಲಿ ಅದನ್ನು ಮರೆತಿದ್ದಳು. ಒಬ್ಬ ಪುಟ್ಟ ಹುಡುಗನ ಕೈಗೆ ಒಂದು ಚೂರು ಕೊಟ್ಟಳು. ಅವನ ತಾಯಿ ಓಡಿ ಬಂದು ಅದನ್ನು ಕಸಿದುಕೊಂಡರು. ಆಮೇಲೆ ನನ್ನ ಕಡೆ ತಿರುಗಿದರು.

"ಡ್ರೈವರ್, ಇವ್ರು ಯಾರು? ನಿಮ್ಮ ಕಡೆಯೋರಾ?"

"ಅಲ್ಲ ಮೇಡಂ, ಯಾರೋ. ಇಲ್ಲೀವರೆಗೆ ಡ್ರಾಪ್ ಕೇಳಿದ್ರು. ಇಲ್ಲೇ ಇಳೀತಾರೆ."

ಅಷ್ಟು ಸಲೀಸಾಗಿ ಬಂತು ಆ ಮಾತು. ವನಜ ಅಲ್ಲೇ ನಿಂತಿದ್ದಳು. ಕೈಯಲ್ಲಿ ಉಳಿದ ಕಾಯಿಯನ್ನು ಗುಡಿಯ ಕಟ್ಟೆಯ ಮೇಲಿಟ್ಟಳು. ಗಾಡಿಯಿಂದ ಚೀಲ ತೆಗೆದುಕೊಂಡಳು. ಒಂದು ಡಬ್ಬಿಯನ್ನು ಮಾತ್ರ ನನ್ನ ಸೀಟಿನ ಮೇಲೆ ಬಿಟ್ಟಳು. ಹತ್ತಿರ ಹೋಗಿ, "ಸಂಜೆ ಬರ್ತೀನಿ, ಇಲ್ಲೇ ಕೂತಿರು" ಎಂದು ಪಿಸುಗುಟ್ಟಿದೆ. ದಾರಿ ಹೇಳಿದ ಅಪರಿಚಿತರಿಗೆ ತಲೆಯಾಡಿಸುವ ಹಾಗೆ ತಲೆಯಾಡಿಸಿದಳು.

ಮರವಂತೆಯಲ್ಲಿ ಅವರೆಲ್ಲ ನೀರಿಗಿಳಿದು ಕೂಗಾಡುತ್ತಿದ್ದರು. ನಾನು ಗಾಡಿಯ ನೆರಳಿನಲ್ಲಿ ಕೂತು ಅವಳ ಚಿತ್ರಾನ್ನ ತಿಂದೆ. ಗಂಟಲಲ್ಲಿ ಇಳಿಯಲಿಲ್ಲ ಎಂದು ಬರೆಯಬಹುದಿತ್ತು. ಇಳಿಯಿತು. ಹಸಿವಾಗಿತ್ತು.

ವಾಪಸು ಘಾಟಿ ಹತ್ತುವಾಗಲೂ ನನಗಿದ್ದ ಚಿಂತೆ ಅವಳದಲ್ಲ — ಏನು ಸುಳ್ಳು ಹೇಳಿ ಅವಳನ್ನು ಹತ್ತಿಸಿಕೊಳ್ಳಲಿ ಎನ್ನುವುದು. ಆ ಕಷ್ಟವನ್ನೂ ಅವಳೇ ತಪ್ಪಿಸಿದಳು. ಗುಡಿಯ ಮುಂದೆ ನಿಂತು, ಬಸ್ಸಿಗೆ ಕೈ ತೋರಿಸುವ ಹಾಗೆ ಗಾಡಿಗೆ ಕೈ ತೋರಿಸಿದಳು.

"ತೀರ್ಥಹಳ್ಳಿ ಕಡೆಗಾ ಡ್ರೈವರ್ರೇ? ದಾರೀಲಿ ಇಳೀತೀನಿ."

ನಾನು ಬಾಯಿ ಬಿಡುವುದರೊಳಗೆ ಹಿಂದಿನಿಂದ ಆ ತಾಯಿಯೇ ಕೂಗಿದರು. "ಅಯ್ಯೋ, ಬೆಳಿಗ್ಗೆ ಇದ್ದವರಲ್ವಾ! ಹತ್ಕೊಳ್ಳಿ, ನಮ್ಮ ಹತ್ರ ಜಾಗ ಇದೆ." ತಮ್ಮ ಪಕ್ಕದಲ್ಲೇ ಕೂರಿಸಿಕೊಂಡರು. "ನೀವು ಕಾಯಿ ಕೊಟ್ರಲ್ಲ, ಇವನಿಗೆ ಕೆಮ್ಮು ಅಂತ ಬಿಡಿಸ್ದೆ. ಬೇಜಾರು ಮಾಡ್ಕೋಬೇಡಿ."

ಆ ಮಗು ದಾರಿಯುದ್ದಕ್ಕೂ ಕೆಮ್ಮುತ್ತಲೇ ಇತ್ತು. ಬೆಳಿಗ್ಗೆಯೂ ಕೆಮ್ಮುತ್ತಿತ್ತು; ನನ್ನ ಕಿವಿಗೂ ಬಿದ್ದಿತ್ತು. ಅವರು ಯಾರೆಂದು ಕೇಳಿದ್ದರು, ಅಷ್ಟೆ. ಉಳಿದದ್ದೆಲ್ಲ ನನ್ನೊಳಗೇ ಇತ್ತು.

"ಮನೇಲಿ ಯಾರ್ಯಾರಿದೀರಾ?" ಎಂದು ಅವರು ಕೇಳುವುದು ಕೇಳಿಸಿತು.

"ಒಬ್ಳೇ."

"ಅಣ್ಣ ತಮ್ಮಂದಿರು?"

"ಇಲ್ಲ."

ದನಿಯಲ್ಲಿ ಸಿಟ್ಟಿರಲಿಲ್ಲ. ಸ್ಟೀರಿಂಗ್ ಹಿಡಿದು ರಸ್ತೆಯನ್ನೇ ನೋಡುತ್ತಿದ್ದೆ. ಆಗಲಾದರೂ ಗಾಡಿ ನಿಲ್ಲಿಸಿ ಹೇಳಬಹುದಿತ್ತು. ನಿಲ್ಲಿಸಿದ್ದು ನಮ್ಮ ಮನೆಯ ತಿರುವಿನಲ್ಲಿ, ಅವಳು ಇಳಿಯಲಿ ಎಂದು. ಇಳಿದು, ಕಿಟಕಿಯ ಹತ್ತಿರ ಬಂದು, "ಉಪಕಾರ ಆಯ್ತು ಡ್ರೈವರ್ರೇ" ಎಂದಳು. ಚೀಲದಲ್ಲಿದ್ದ ಸೀರೆಯ ಮಡಿಕೆ ಹಾಗೇ ಇತ್ತು.

ಪಾರ್ಟಿಯನ್ನು ಬಿಟ್ಟು ಮನೆಗೆ ಬಂದಾಗ ಬಿಸಿ ಅನ್ನ ಬಡಿಸಿಟ್ಟಿದ್ದಳು. ಒಂದು ಮಾತೂ ಕೇಳಲಿಲ್ಲ. ಇಂದಿಗೂ ಕೇಳಿಲ್ಲ. ಬರುಬರುತ್ತಾ ಒಂದು ವಿಷಯ ನನಗೆ ತಿಳಿಯಿತು — ಅವಳು ಅಣ್ಣ ಎನ್ನುವುದನ್ನು ಬಿಟ್ಟಿದ್ದಳು. "ನೀರು ಕಾದಿದೆ" ಎನ್ನುತ್ತಾಳೆ. "ಊಟಕ್ಕಾಗಿದೆ" ಎನ್ನುತ್ತಾಳೆ. ಯಾರಿಗೆ ಹೇಳುತ್ತಿದ್ದಾಳೆ ಎಂಬುದು ಆ ಮಾತಿನಲ್ಲಿ ಇರುವುದಿಲ್ಲ. ಒಮ್ಮೆ ಧೈರ್ಯ ಮಾಡಿ, "ವನಜ, ಸಮುದ್ರಕ್ಕೆ ಹೋಗೋಣನಾ?" ಎಂದೆ. "ಗಾಡೀಲಿ ಜನ ಇರ್ತಾರಲ್ಲ" ಎಂದಳು. ಖಾಲಿ ಗಾಡಿಯಲ್ಲೇ ಹೋಗೋಣ ಎನ್ನಲು ಬಾಯಿ ತೆರೆದೆ. ಜನ ಇಲ್ಲದ ಕಡೆ ಅವಳನ್ನು ತಂಗಿ ಎನ್ನುವುದು ನನಗೆ ಯಾವತ್ತೂ ಕಷ್ಟವಾಗಿರಲಿಲ್ಲವಲ್ಲ — ಗಾಡಿ ತೊಳೆಯಲು ಹೊರಗೆ ಹೋದೆ.

ನಾಡಿದ್ದು ಮರವಂತೆಗೆ ಒಂದು ಪಾರ್ಟಿ ಇದೆ. ಗಾಡಿಯನ್ನು ನಮ್ಮ ತಿರುವಿನಲ್ಲಿ ನಿಲ್ಲಿಸುತ್ತೇನೆ. ಎಲ್ಲರೆದುರು ಅವಳ ಹೆಸರು ಹಿಡಿದು ಕೂಗುತ್ತೇನೆ. ಅವಳು ಬರಲಿಕ್ಕಿಲ್ಲ, ಬಾ ಎಂದು ಒತ್ತಾಯಿಸುವ ಮುಖ ನನಗಿಲ್ಲ. ಅಂಗಳದಿಂದ ಒಮ್ಮೆ ನೋಡಿ ಒಳಗೆ ಹೋಗಿಬಿಡಬಹುದು. ಹೋದರೂ, ಗಾಡಿಯಲ್ಲಿದ್ದವರು ಯಾರಾದರೂ ಕೇಳಿಯೇ ಕೇಳುತ್ತಾರೆ — ಡ್ರೈವರ್, ಅವರು ಯಾರು ಎಂದು.