ನೂಲಿನ ಹೊಳೆ ಹರಿಸಿದ ಸೋಮಲಿಂಗ ಮಾಸ್ತರರು

ವೃತ್ತಿ ನಾಟಕ ಕಂಪನಿಗಳ ರಂಗಸಜ್ಜಿಕೆಯ ಮಾತು ಬಂದಾಗ ಬಾಗಲಕೋಟೆ ಜಿಲ್ಲೆಯಲ್ಲಿ ಮೊದಲು ನೆನಪಾಗುವ ಹೆಸರು ಕಮತಗಿಯ ಸೋಮಲಿಂಗ ಮಾಸ್ತರರದು. ಪರದೆ ಬರೆಯುವುದರಲ್ಲಿ, ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಅರಮನೆಯನ್ನು ಅಡವಿ ಮಾಡುವುದರಲ್ಲಿ ಅವರನ್ನು ಸರಿಗಟ್ಟುವವರಿಲ್ಲ ಎಂದರೆ ಅದು ಅಭಿನಂದನ ಗ್ರಂಥದ ಮುಲಾಜಿನ ಮಾತಲ್ಲ. ಆದರೆ ಮೂವತ್ತೆಂಟು ವರ್ಷ ಒಂದೇ ಕಂಪನಿಯಲ್ಲಿ ದುಡಿದು ನಿವೃತ್ತರಾದ ಈ ಹಿರಿಯರು ಇಂಥ ಹೊಗಳಿಕೆ ಕೇಳಿದರೆ ತಲೆ ತಗ್ಗಿಸುತ್ತಾರೆ. ಅದರ ಕಾರಣವನ್ನು ಮುಚ್ಚಿಟ್ಟು ಅವರನ್ನು ಗೌರವಿಸಿದರೆ ಅದು ಸುಳ್ಳಾದೀತು.

ಇಪ್ಪತ್ತು ವರ್ಷಗಳ ಹಿಂದೆ ಇಳಕಲ್ಲಿನ ಕ್ಯಾಂಪಿನಲ್ಲಿ ಕಲೆಕ್ಷನ್ ನೆಲಕಚ್ಚಿತ್ತು. ಮಾಲೀಕರಾದ ಜಹಾಂಗೀರಸಾಹೇಬರು ಡೇರೆ ಬಿಚ್ಚಿಸುವ ಯೋಚನೆಯಲ್ಲಿದ್ದಾಗ, ಮಾಸ್ತರರು ನೇಕಾರರ ಮನೆ ಮನೆ ತಿರುಗಿ ಮಗ್ಗದಡಿ ಬಿದ್ದ ತುಂಡು ರೇಷ್ಮೆ ನೂಲನ್ನು ಚೀಲಗಟ್ಟಲೆ ತಂದರು. ಅದನ್ನು ಗಂಟು ಹಾಕಿ, ಉದ್ದ ಎಳೆ ಮಾಡಿ, ರಂಗದ ಮೇಲ್ಗಡೆ ಸುತ್ತಿ ಕಟ್ಟಿದರು. ಹಗ್ಗ ಎಳೆದರೆ ಸಾವಿರಾರು ಎಳೆ ಒಮ್ಮೆಲೇ ಇಳಿದು, ಫ್ಯಾನಿನ ಗಾಳಿಗೆ, ನೀಲಿ ದೀಪಕ್ಕೆ, ಮಲಪ್ರಭಾ ಹೊಳೆಯೇ ಸೊಕ್ಕಿ ಬಂದಂತೆ ಕಾಣುತ್ತಿತ್ತು. ವಾರದೊಳಗೆ ಹೌಸ್‌ಫುಲ್ ಬೋರ್ಡು ತೂಗಿತು. ಕಂಪನಿ ಉಳಿಯಿತು.

ಅಲ್ಲಿಂದ ಹುನಗುಂದಕ್ಕೆ ಹೋದರೂ ಬಾದಾಮಿಗೆ ಹೋದರೂ ಟಿಕೆಟ್ ಕಿಟಕಿಯಲ್ಲಿ ನಾಟಕದ ಹೆಸರು ಕೇಳುವವರೇ ಇಲ್ಲವಾದರು. "ಇವತ್ತ ಹೊಳಿ ಬರತೈತೇನ್ರಿ?" ಎಂಬುದೊಂದೇ ಪ್ರಶ್ನೆ. ಹೀಗಾಗಿ ಮದುವೆಯ ಕಥೆಗೂ ಹೊಳೆ ಬಂತು, ಮಾವ-ಅಳಿಯರ ಹಾಸ್ಯಕ್ಕೂ ಬಂತು. ಅಣ್ಣ-ತಂಗಿಯ ನಾಟಕದಲ್ಲಿ ತಂಗಿಯ ಪಾತ್ರದ ನಟಿ ಮಹೇಶ್ವರಿಯವರು ತೀರಿಹೋದ ಅಣ್ಣನನ್ನು ನೆನೆದು ಏಳು ನುಡಿಯ, ಅಂದರೆ ಏಳು ಚರಣದ, ಹಾಡು ಹಾಡುತ್ತಿದ್ದರು. ಹೊಳೆ ಬೇಗ ಬರಲೆಂದು ಅದನ್ನು ಮೂರೇ ನುಡಿಗೆ ಇಳಿಸಿದವರು ಮಾಸ್ತರರೇ. ಅದೇ ಮಹೇಶ್ವರಿಯವರಿಗೆ ಗಂಟಲು ಕಟ್ಟಿದಾಗ ತಿಂಗಳುಗಟ್ಟಲೆ ಜೀರಿಗೆ ಕಷಾಯ ಕಾಸಿ ಕೊಟ್ಟವರೂ ಅವರೇ. ಜನರಿಗೆ ನೋಡುವುದನ್ನು ಕಲಿಸಿ ಕೇಳುವುದನ್ನು ಮರೆಸಿದೆನಲ್ಲ ಎಂಬ ಸಂಕಟ ಅವರನ್ನು ಒಳಗೊಳಗೇ ತಿನ್ನುತ್ತಿತ್ತು.

ಕಳೆದ ವರ್ಷ ಬನಶಂಕರಿ ಜಾತ್ರೆಯ ಕ್ಯಾಂಪಿನಲ್ಲಿ ಅವರ ಸೇವೆ ಮುಗಿಯಲು ಎಂಟು ದಿನವಿತ್ತು. ಶಾಲು ಹಾರ ಏನೂ ಬೇಡವೆಂದ ಮಾಸ್ತರರು ಒಂದೇ ಒಂದು ಬೇಡಿಕೆ ಇಟ್ಟರು.

"ಕಡೀ ದಿನ ಒಂದ ಆಟ ಹೊಳಿ ಬ್ಯಾಡ್ರಿ, ಸಾಹೇಬ್ರ. ಆಕಿ ಏಳೂ ನುಡಿ ಹಾಡ್ಲಿ."

"ನಿಮ್ಮ ಮಾತ ಹೆಂಗ ತೆಗದ ಹಾಕ್ಲಿ, ಮಾಸ್ತರ? ಆಗ್ಲಿ ಬಿಡ್ರಿ."

ಮಹೇಶ್ವರಿಯವರು ಎಂಟು ದಿನ ತಾಲೀಮು ಮಾಡಿದರು. ಜನ ಹಾಡು ಮುಗಿಯುವ ತನಕ ಕೂತರೆ ಸಾಕು, ತಾನು ನಾಟಕವನ್ನು ಕೊಂದಿಲ್ಲವೆಂದು ನಂಬಿ ನೆಮ್ಮದಿಯಿಂದ ಮನೆಗೆ ಹೋಗಬಹುದೆಂದು ಮಾಸ್ತರರು ಆಸೆಪಟ್ಟಿದ್ದರು.

ಆ ದಿನ ಮಧ್ಯಾಹ್ನ ಮೂರರ ಆಟ. ಹಾಡಿನ ಮೂರನೆಯ ನುಡಿ ಮುಗಿಯಿತು. ಯಾರೂ ಎದ್ದಿರಲಿಲ್ಲ, ಒಂದು ಸಿಳ್ಳೆಯೂ ಇರಲಿಲ್ಲ. ಹಾರ್ಮೋನಿಯಂ ನಾಲ್ಕನೆಯ ನುಡಿಗೆ ಎರಡು ಸಲ ದಾರಿ ಮಾಡಿಕೊಟ್ಟಿತು. ಬಾಯಿ ತೆರೆದ ಮಹೇಶ್ವರಿಯವರು ಹಾಗೆಯೇ ನಿಂತು, ಪರದೆಯ ಬದಿಗಿದ್ದ ಮಾಸ್ತರರತ್ತ ನೋಡಿದರು. ಮಾಸ್ತರರ ಕೈ ಆಗಲೇ ಹಗ್ಗದ ಮೇಲಿತ್ತು. ಎಳೆದುಬಿಟ್ಟರು. ಚಪ್ಪಾಳೆಗೆ ಡೇರೆ ನಡುಗಿತು.

ಆಟ ಮುಗಿದ ಮೇಲೆ ಬಣ್ಣದ ಕೋಣೆಯಲ್ಲಿ ಮಹೇಶ್ವರಿಯವರು ಅತ್ತರು. "ಮೂರ ನುಡಿ ಆತಂದ್ರ ಹೊಳಿ ಬರತೈತಿ ಅಂತ ಮೈಗೆ ರೂಢಿ ಆಗೇತ್ರಿ, ಮಾಸ್ತರ. ಮುಂದಿಂದು ಬಾಯಿಗೆ ಬರಲೇ ಇಲ್ಲ."

"ನಂದೂ ಅಷ್ಟ, ತಂಗಿ. ಹೊಳಿ ಬ್ಯಾಡ ಅಂದಾಂವ ನಾನ. ಮುಂಜಾನಿ ಅದನ್ನ ಮ್ಯಾಲ ಸುತ್ತಿ ಕಟ್ಟಿದಾಂವನೂ ನಾನ" ಎಂದರು ಮಾಸ್ತರರು.

ಜನ ಉಳಿದ ನಾಲ್ಕು ನುಡಿಗೂ ಕೂಡುತ್ತಿದ್ದರೋ, ಎದ್ದು ಹೋಗುತ್ತಿದ್ದರೋ, ಇನ್ನು ಯಾರಿಗೂ ತಿಳಿಯುವುದಿಲ್ಲ. ಈ ವರ್ಷ ಕಂಪನಿ ಎಲ್‌ಇಡಿ ಪರದೆ ತಂದಿದೆ. ಅದರಲ್ಲಿ ಇನ್ನೂ ದೊಡ್ಡ ಹೊಳೆ ಹರಿಯುತ್ತದೆ, ಹಾಡನ್ನು ಪೂರ್ತಿ ಕೈಬಿಟ್ಟಿದ್ದಾರೆ.

ಸೋಮಲಿಂಗ ಮಾಸ್ತರರು ನೂರು ಕಾಲ ಬಾಳಲಿ, ಅವರ ಕುಂಚಕ್ಕೆ ಬಣ್ಣ ಆರದಿರಲಿ ಎಂದು ಹಾರೈಸುತ್ತ ಅವರ ಬಳಗ ಈ ಬರಹವನ್ನು ಅವರ ಕೈಗಿಡುತ್ತಿದೆ. ಈಗ ಅವರು ಕಮತಗಿಯ ಮನೆಯ ಕಟ್ಟೆಯ ಮೇಲೆ ಕೂತು ಆ ಏಳು ನುಡಿಗಳನ್ನು ತಾವೇ ಗುನುಗುತ್ತಾರೆ. ಮೂರನೆಯದು ಮುಗಿದಾಗ ಬಲಗೈ ಇನ್ನೂ ತಾನಾಗಿಯೇ ಮೇಲೇಳುತ್ತದೆ.