ಎರಡು-ನಾಲ್ಕರ ಪೆಟ್ಟು

ನಾನು ಗಿಟಾರ್ ಹಿಡಿದಾಗ ನನಗೆ ನಲವತ್ತೆರಡು. ಅದರ ಸಲುವಾಗಿ ಯಾರನ್ನಾದರೂ ದೂರಬೇಕೆಂದರೆ ನಮ್ಮ ಶನಿವಾರದ ಭಜನೆಯನ್ನೇ ದೂರಬೇಕು.

ರಾಣೆಬೆನ್ನೂರಿನಲ್ಲಿ ನಮ್ಮ ಮನೆ ಸ್ಟೇಶನ್ನಿನ ಹತ್ತಿರ. ಗೋಡೆಗೆ ಗೋಡೆ ಹತ್ತಿದ ಆಚೆಮನೆಯಲ್ಲಿ ರೈಲ್ವೆ ಗಾರ್ಡ್ ಆಗಿ ರಿಟೈರ್ ಆದ ಹಿರಿಯರೊಬ್ಬರು, ಅವರ ಹೆಂಡತಿ. ಹುಬ್ಬಳ್ಳಿಯಲ್ಲಿ ಬೆಳೆದ ಕ್ರಿಶ್ಚಿಯನ್ ಮಂದಿ. ನನಗೆ ಅವರು ಕಾಕಾ, ಕಾಕು. ಶನಿವಾರ ಸಂಜೆ ಓಣಿಯ ಹೆಣ್ಣುಮಕ್ಕಳು ನಮ್ಮ ಪಡಸಾಲೆಯಲ್ಲಿ ಕೂಡಿ ಹನುಮಪ್ಪನ ಭಜನೆ ಮಾಡುತ್ತಿದ್ದೆವು. ನನ್ನ ಕಂಠ ದೇವರಿಗೇ ಪ್ರೀತಿ, ಅದಕ್ಕೆ ನನ್ನ ಕೈಗೆ ತಾಳ ಕೊಟ್ಟು ಕೂರಿಸಿದ್ದರು.

ಶ್ರಾವಣದಲ್ಲಿ ಒಮ್ಮೆ ಹೋಳಿಗೆ ಕೊಡಲು ಹೋದಾಗ ಕಾಕಾ ಕೇಳಿದರು.

"ತಂಗೀ, ನಿಮ್ಮ ಭಜನಿಯಾಗ ತಾಳ ಬಾರಸೋರು ಯಾರವಾ?"

"ನಾನರೀ ಕಾಕಾ. ಭಾಳ ಸಪ್ಪಳ ಆಕ್ಕತೇನ್ರಿ?"

"ಆಗ್ಲಿ ಬಿಡು. ಹಾಡೋರು ಓಡತಾರ, ಹಾರ್ಮೋನಿಯಂ ಅವರ ಹಿಂದ ಓಡತೈತಿ. ನಿನ್ನ ತಾಳ ಮಾತ್ರ ಓಡೂದಿಲ್ಲ. ತಾಸುಗಟ್ಟಲೆ ಒಂದ ನಡಗಿ."

ಅಷ್ಟು ಹೇಳಿ ಅವರು ಗೋಡೆಗೆ ತೂಗುಹಾಕಿದ್ದ ಒಂದು ಗಿಟಾರ್ ಕಡೆ ನೋಡಿದರು. ಅಡುಗೆಮನೆಯಲ್ಲಿ ಕಾಕು ದನಿ ಸಣ್ಣದು ಮಾಡಿ ಉಳಿದದ್ದನ್ನು ಹೇಳಿದರು. ಹರೆಯದಲ್ಲಿ ಕಾಕಾ ರೈಲ್ವೆಯವರ ಡಾನ್ಸ್ ಬ್ಯಾಂಡಿನಲ್ಲಿ ಪಿಟೀಲು ನುಡಿಸುತ್ತಿದ್ದರು. ಗಿಟಾರ್ ಹಿಡಿಯುತ್ತಿದ್ದ ಗೆಳೆಯ ರಿಟೈರ್ ಆದ ಮೇಲೂ ವಾರಕ್ಕೊಮ್ಮೆ ರೈಲು ಹತ್ತಿ ಬರುತ್ತಿದ್ದ. ಹೋದ ವರ್ಷ ಅವನು ತೀರಿಕೊಂಡ. ಅವನ ಗಿಟಾರ್ ಗೋಡೆ ಸೇರಿತು, ಇವರ ಪಿಟೀಲು ಪೆಟ್ಟಿಗೆ ಸೇರಿತು.

"ಕ್ರಿಸ್‌ಮಸ್‌ಗೆ ಚರ್ಚಿನ ಹಾಲ್‌ನ್ಯಾಗ ವರ್ಷಾ ಒಂದು ಹಾಡು ಬಾರಿಸ್ತಿದ್ರವಾ. ಪಾದ್ರಿಗಳು ಕೇಳಾಕ ಬಂದ್ರ, ಗಿಟಾರ್ ಇಲ್ದ ನಾ ನುಡಸೂದಿಲ್ಲ, ಹೆಸರು ತಗದು ಹಾಕ್ರಿ ಅಂದು ಕಳಿಸ್ಯಾರ. ಈ ವರ್ಷಾನೂ ತಪ್ಪಿತಂದ್ರ ಆ ಪೆಟಿಗಿ ಇನ್ನ ತಗಿಯೂದಿಲ್ಲ ಅವರು. ನನಗ ಗೊತ್ತೈತಿ."

ಕಾಕು ಸೆರಗಿನಿಂದ ಮೂಗು ಒರೆಸಿಕೊಂಡರು. ನಾನು ಹೊರಗೆ ಬಂದು, "ಕಾಕಾ, ಆ ಗಿಟಾರ್ ನನಗ ಕಲಸ್ರಿ," ಅಂದುಬಿಟ್ಟೆ. ಕಾಕಾ ನಗಲಿಲ್ಲ. ಗಿಟಾರ್ ಇಳಿಸಿ ಧೂಳು ಒರೆಸಿದರು.

ಮನೆಯಲ್ಲಿ ಹೇಳಿದಾಗ ನಮ್ಮ ಅತ್ತೆ ಎಲೆ-ಅಡಿಕೆ ಬಾಯಿಗೆ ಹಾಕಿಕೊಳ್ಳುತ್ತ, "ಸೊಸಿ ಬಂದು ಇಪ್ಪತ್ತು ವರ್ಷ ಆತು, ಇನ್ನೇನು ಹೊಸಾದು ಇಲ್ಲ ಅಂದ್ಕೊಂಡಿದ್ದೆ," ಅಂದರು. ಮನೆಯವರು ಬ್ಯಾಡಗಿಯ ಮೆಣಸಿನಕಾಯಿ ದಲಾಲಿ ಅಂಗಡಿಯಲ್ಲಿ ಕೆಲಸಕ್ಕಿದ್ದರು. ಅವರು ಇಷ್ಟೇ ಕೇಳಿದರು: "ರೊಟ್ಟಿ ವ್ಯಾಳ್ಯಾಕ್ಕ ಸಿಗತಾವಿಲ್ಲೋ?"

ಸಿಗುತ್ತವೆ ಅಂದೆ. ಬೇಡವೆನ್ನದ ಗಂಡ, ಚೇಷ್ಟೆ ಮಾಡಿದರೂ ತಡೆಯದ ಅತ್ತೆ, ಗೋಡೆಯಾಚೆಗೇ ಗುರು. ಆ ದಿನ ದೀಪ ಹಚ್ಚುವಾಗ ಮೂರಕ್ಕೂ ಬೇರೆ ಬೇರೆ ಕೈಮುಗಿದೆ.

ಪಾಠ ಮಧ್ಯಾಹ್ನ, ಮುಸುರೆ ತಿಕ್ಕಿದ ಮೇಲೆ. ಆ ಸಂಗೀತಕ್ಕೆ ಜಾಝ್ ಅನ್ನುತ್ತಾರೆ, ಅದರಲ್ಲೇ ಸ್ವಿಂಗ್ ಎಂಬ ತೂಗುವ ನಡಿಗೆ ಒಂದು. ಪಿಟೀಲು ಹಾಡುತ್ತದೆ, ಗಿಟಾರ್ ಅದರ ಕಾಲಾಗುತ್ತದೆ. ಆರು ತಂತಿಯನ್ನೂ ಬಾರಿಸುವ ಕೆಲಸವಿಲ್ಲ. ಎಡಗೈಯಿಂದ ಮೂರು ತಂತಿ ಒತ್ತಬೇಕು, ಬಲಗೈಯಿಂದ ಮೇಲಿಂದ ಕೆಳಗೆ ಎಳೆಯಬೇಕು, ಕೂಡಲೇ ಎಡಗೈ ಸಡಿಲ ಬಿಡಬೇಕು. ಆಗ ನಾದ ಬೆಳೆಯದೆ ಚಕ್ ಎಂದು ಕತ್ತರಿಸುತ್ತದೆ. ಒಂದು, ಎರಡು, ಮೂರು, ನಾಲ್ಕು, ನಾಲ್ಕೂ ಸಮ ನಡಿಗೆ. ಆದರೆ ತೂಕ ಎರಡರ ಮೇಲೆ, ನಾಲ್ಕರ ಮೇಲೆ.

ಮೊದಲ ಸಲ ಆ ಚಕ್ ಸರಿಯಾಗಿ ಬಿದ್ದಾಗ ನನಗೆ ಕೂತಲ್ಲಿ ಕೂರಲಾಗಲಿಲ್ಲ. ಮನೆಗೆ ಹೋಗಿ ಒಲೆಯ ಮುಂದೆ ನಿಂತು ಬರಿಗೈಯಲ್ಲೇ ಎಳೆದು ನೋಡಿದೆ. "ನೊಣಾ ಹೊಡಿಯಾಕತ್ತಿಯೇನ?" ಎಂದು ಅತ್ತೆ ಕೇಳಿದರು.

ಆದರೆ ಒಂದು ತೊಡಕು ಬಿಡಲೇ ಇಲ್ಲ. ಭಜನೆಯಲ್ಲಿ ತಾಳದ ಜೋರು ಮೊದಲನೆಯ ಪೆಟ್ಟಿಗೆ; ದೇವರ ಹೆಸರು ಬೀಳುವುದೇ ಅಲ್ಲಿ. ನನ್ನ ಕೈ ಇಪ್ಪತ್ತು ವರ್ಷ ಅಲ್ಲೇ ನಮಸ್ಕಾರ ಮಾಡಿತ್ತು. ಎರಡು ಎಂದು ಎಣಿಸಿಕೊಂಡರೂ ತೂಕ ಹೋಗಿ ಒಂದರ ಮೇಲೇ ಕೂರುತ್ತಿತ್ತು.

"ಇದು ಸ್ವಿಂಗ್ ಅಲ್ಲವಾ, ಪಲ್ಲಕ್ಕಿ ಹೊರೂದು," ಅಂದರು ಕಾಕಾ.

ದಸರಾ ಕಳೆಯಿತು. ಕಾಕು ಕೇಳಿಕೊಂಡದ್ದಕ್ಕೆ ಪಾದ್ರಿಗಳು ಹೆಸರು ತೆಗೆಯದೆ ಕಾದಿದ್ದರು; ನವೆಂಬರ್ ಕೊನೆಗೆ ಅವರಿಗೆ ಹೌದು ಇಲ್ಲ ಹೇಳಬೇಕು. ಕಾಕಾ ಪಿಟೀಲಿನ ಪೆಟ್ಟಿಗೆ ಇನ್ನೂ ತೆರೆದಿರಲಿಲ್ಲ. "ನಿನ್ನ ಕೈ ನಿಂದರ್ಲಿ, ಆಮ್ಯಾಲೆ," ಎನ್ನುತ್ತಿದ್ದರು. ಕಾಕು ಬಾಗಿಲಲ್ಲಿ ನಿಂತು ಕೇಳಿ ಒಳಗೆ ಹೋಗುತ್ತಿದ್ದರು.

ಆ ವರ್ಷ ಮನೆಯ ಖಾರದ ಪುಡಿ ದೀಪಾವಳಿಗೆ ಮೊದಲೇ ತೀರಿತು. ಮನೆಯವರು ಬ್ಯಾಡಗಿಯಿಂದ ಒಂದು ಚೀಲ ಮೆಣಸಿನಕಾಯಿ ತಂದರು. ಮಧ್ಯಾಹ್ನವೆಲ್ಲ ಕೂತು ತೊಟ್ಟು ಬಿಡಿಸಿದೆ, ಕೈ ತೊಳೆದು ಓಡಿ ಹೋಗಿ ಗಿಟಾರ್ ಹಿಡಿದೆ. ತಂತಿ ಕೊಯ್ದಿದ್ದ ಎಡಗೈ ಬೆರಳ ತುದಿಗಳಿಗೆ ಖಾರ ಇಳಿದಿದ್ದು ಆಗ ಗೊತ್ತಾಯಿತು. ಬ್ಯಾಡಗಿ ಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ ಎಂದು ಊರೆಲ್ಲ ಹೇಳುತ್ತದೆ. ಆ ಮಾತು ಕೊಯ್ದ ಬೆರಳಿಗೆ ಅಲ್ಲ. ಕಾಕು ಬಟ್ಟಲಲ್ಲಿ ಮೊಸರು ತಂದು ಆ ಕೈ ಅದರಲ್ಲಿ ಅದ್ದಿಸಿ ಕೂರಿಸಿದರು. ಉರಿಯುತ್ತಲೇ ನಗು ಬಂತು. ಬಲಗೈ ಉಳಿದಿತ್ತಲ್ಲ, ಅದೇ ದೊಡ್ಡದು.

ಮರುದಿನ ಕುಟ್ಟುವುದಿತ್ತು. ಗಿರಣಿಯ ಖಾರ ನಮ್ಮ ಅತ್ತೆಗೆ ಆಗುವುದಿಲ್ಲ. ಒಂದೇ ಒರಳು, ಎರಡು ಒನಕೆ, ಎದುರಾಬದುರು ಇಬ್ಬರು. ಅವರದು ಬಿದ್ದು ಏಳುವಾಗ ನನ್ನದು ಬೀಳಬೇಕು. ಕೂಡಿ ಬಿದ್ದರೆ ಒನಕೆಗೆ ಒನಕೆ ಬಡಿಯುತ್ತದೆ. ಮೂಗಿಗೆ ಸೆರಗು ಕಟ್ಟಿಕೊಂಡು ಕುಟ್ಟುತ್ತಿದ್ದೆವು. ಅತ್ತೆ ಧಪ್, ನಾನು ಧಪ್. ಅತ್ತೆ, ನಾನು. ನೂರು ಪೆಟ್ಟಾಗಿರಬೇಕು, ಆಗ ಹೊಳೆಯಿತು: ಒಂದು ಅತ್ತೆಯದು, ಎರಡು ನನ್ನದು. ಮೂರು ಅತ್ತೆಯದು, ನಾಲ್ಕು ನನ್ನದು. ಮದುವೆಯಾದಾಗಿನಿಂದ ನಾನು ಎರಡು-ನಾಲ್ಕರ ಮೇಲೇ ಕುಟ್ಟುತ್ತ ಬಂದಿದ್ದೆ.

ಒನಕೆ ಗೋಡೆಗೆ ಆನಿಸಿ ಓಡಿದೆ. "ಅರ್ಧಕ್ಕ ಬಿಟ್ಟು ಎಲ್ಲಿ ಹೊಂಟಿ?" ಎಂದು ಅತ್ತೆ ಕೂಗುತ್ತಿದ್ದರು. ಮೈಯೆಲ್ಲ ಖಾರದ ಘಾಟು. ಕಾಕಾ ಸೀನುತ್ತಲೇ ಬಾಗಿಲು ತೆರೆದರು. ಗಿಟಾರ್ ಹಿಡಿದು ಮನಸ್ಸಿನಲ್ಲೇ ಒಂದರ ಪೆಟ್ಟು ಅತ್ತೆಗೆ ಬಿಟ್ಟೆ, ಎರಡರ ಮೇಲೆ ನಾನು ಬಿದ್ದೆ. ಚಕ್. ಮತ್ತೆ ಅವರು, ಮತ್ತೆ ನಾನು. ಕಾಕಾ ಸೀನುವುದನ್ನು ನಿಲ್ಲಿಸಿ ಕೇಳಿದರು. ನಾನು ನಿಲ್ಲಿಸಲಿಲ್ಲ, ನಿಲ್ಲಿಸಿದರೆ ಹೋದೀತೆಂಬ ಹೆದರಿಕೆ. ಅವರು ಒಳಗೆ ಹೋಗಿ ಪೆಟ್ಟಿಗೆ ತಂದರು. ಕಾಕು ಕೈಲಿದ್ದ ಸೌಟು ಹಿಡಿದುಕೊಂಡೇ ಹೊರಗೆ ಬಂದರು.

ಅವತ್ತು ಅವರು ಪಿಟೀಲಿನ ತಂತಿ ಬಿಗಿ ಮಾಡಿ ನಾಲ್ಕೇ ಸಾಲು ನುಡಿಸಿದರು. ನಾನು ನಡೆಯುತ್ತಿದ್ದೆ, ಅವರು ನನ್ನ ಹೆಗಲ ಮೇಲೆ ಕೂತು ಹಾರುತ್ತಿದ್ದರು. ಪಾದ್ರಿಗಳಿಗೆ ಹೌದೆಂದು ಹೇಳಿ ಕಳಿಸಿದರು, ಆದರೆ ಒಂದೇ ಹಾಡು, ಅದೂ ನಾನು ನಡಿಗೆ ತಪ್ಪದಿದ್ದರೆ. "ನಡೂವ ಬಿದ್ದರ ನಾ ಪಿಟೀಲು ಇಳಿಸೇ ಬಿಡತೇನಿ ನೋಡು. ಮುದುಕಗ ಎರಡು ಸಲ ಧೈರ್ಯ ಬರೂದಿಲ್ಲ," ಅಂದರು.

ಕ್ರಿಸ್‌ಮಸ್‌ಗೆ ಎರಡು ದಿನವಿದ್ದಾಗ ಗಿಟಾರಿನ ತಂತಿಯೊಂದು ಹರಿಯಿತು. ನಮ್ಮೂರಲ್ಲಿ ಸಿಗಲಿಲ್ಲ. ಬ್ಯಾಡಗಿಯಲ್ಲಿದ್ದ ಮನೆಯವರಿಗೆ ಅಂಗಡಿಗೆ ಫೋನ್ ಮಾಡಿದೆ. ಅವರು ಮನೆಯ ಕಡೆಯ ಬಸ್ಸು ಬಿಟ್ಟು ಉಲ್ಟಾ ಹಾವೇರಿಗೆ ಹೋಗಿ, ಬ್ಯಾಂಡ್ ಸಾಮಾನಿನ ಅಂಗಡಿ ಹುಡುಕಿ ತಂದರು. "ಒಂದು ಕೇಳಿದಿ, ಎರಡು ತಂದೇನಿ," ಎಂದು ಕೈಗಿಟ್ಟರು. ಬಂಗಾರ ತಂದಾಗಲೂ ನಾನು ಅಷ್ಟು ಹಿಗ್ಗಿರಲಿಲ್ಲ.

ಚರ್ಚಿನ ಹಾಲ್ ತುಂಬಿತ್ತು. ನಮ್ಮ ಭಜನೆಯವರೆಲ್ಲ ಅತ್ತೆಯ ಜೊತೆ ಬಂದು ಎರಡನೆಯ ಸಾಲಿನಲ್ಲಿ ಕೂತಿದ್ದರು. ಹನುಮಪ್ಪನನ್ನು ನೆನೆದೆ, ಎದುರಿಗಿದ್ದ ಅವರ ದೇವರಿಗೂ ಕೈಮುಗಿದೆ, ಶುರು ಮಾಡಿದೆ. ಮೊದಲ ಸುತ್ತು ಚೆನ್ನಾಗಿ ಹೋಯಿತು. ಎರಡನೆಯ ಸುತ್ತಿಗೆ ನಮ್ಮ ಭಜನೆಯವರಿಗೆ ಹುರುಪು ಬಂತು. ಚಪ್ಪಾಳೆ ಹಾಕತೊಡಗಿದರು. ಎಲ್ಲಿ? ಒಂದರ ಮೇಲೆ, ಮೂರರ ಮೇಲೆ. ಹಾಲ್ ಇಡೀ ಅವರನ್ನು ಸೇರಿಕೊಂಡಿತು.

ಕಾಕಾ ನನ್ನ ಕಡೆ ತಿರುಗಿದರು. ನನ್ನ ಕೈಗೆ ಅವರೊಡನೆ ಹೋಗುವ ಆಸೆ. ಹಳೆಯ ಗೆಳತಿಯರು ಕರೆಯುತ್ತಿದ್ದರಲ್ಲ. ಒಮ್ಮೆ ಬೆರಳು ಜಾರಿ ಸ್ವರವೇ ಹೋಯಿತು, ಬರೀ ತಂತಿಯ ಸದ್ದು ಉಳಿಯಿತು. ಬಲಗೈ ಬಿಡಲಿಲ್ಲ. ಹಲ್ಲು ಕಚ್ಚಿ ಎರಡು ಹಿಡಿದೆ, ನಾಲ್ಕು ಹಿಡಿದೆ. ಚಪ್ಪಾಳೆ, ಚಕ್. ಚಪ್ಪಾಳೆ, ಚಕ್. ಅವರು ಬಿಟ್ಟ ಜಾಗದಲ್ಲೆಲ್ಲ ನಾನಿದ್ದೆ. ಇಡೀ ಹಾಲ್ ತೂಗತೊಡಗಿತು. ಕಾಕಾ ಕಣ್ಣು ಮುಚ್ಚಿ, ಮನೆಯಲ್ಲಿ ಒಮ್ಮೆಯೂ ನುಡಿಸದ ಏನೇನೋ ನುಡಿಸಿದರು.

ಹಾಡು ಮುಗಿಯಿತು. ಚಪ್ಪಾಳೆ ನಿಲ್ಲುವ ಮೊದಲೇ ಅವರ ಪಿಟೀಲು ಮತ್ತೊಂದು ಹಾಡು ಎತ್ತಿತು.

"ಕಾಕಾ, ಇದು ನನಗ ಬರೂದಿಲ್ಲರಿ," ಅಂದೆ ಮೆಲ್ಲಗೆ.

"ನನಗ ಬರತೈತಿ. ನೀ ನಡಿ."

ಮೊದಲ ಸಾಲಿನಲ್ಲಿ ಕಾಕು ಬಾಯಿಗೆ ಕೈ ಹಿಡಿದುಕೊಂಡು ನಗುತ್ತಿದ್ದರು. ನಾನು ಗೊತ್ತಿದ್ದ ಮೂರು ತಂತಿ ಒತ್ತಿ ನಡೆದೆ.