ನಾಲ್ಕನೆಯ ಯಜಮಾನರ ದನಿ

ಎರಡು ವರ್ಷದಲ್ಲಿ ಮೂರು ಅಚ್ಚುಕೂಟ ಬಿಟ್ಟಿದ್ದ ನಾನು, ಅಚ್ಚಿನ ಮೊಳೆ ಜೋಡಿಸುವ ಕೆಲಸ ಕೇಳಿಕೊಂಡು ದೊಡ್ಡ ಗಡಿಯಾರದ ಹಿಂದಿನ ಬೀದಿಯಲ್ಲಿದ್ದ ನಾಲ್ಕನೆಯ ಅಚ್ಚುಕೂಟಕ್ಕೆ ಹೋದೆ. ಯಜಮಾನರು ಕನ್ನಡಕದ ಮೇಲಿಂದ ನೋಡಿದರು.

“ಎಲ್ಲೂ ನಿಲ್ಲೋನಲ್ವಂತಲ್ಲಯ್ಯ ನೀನು. ಯಾಕೆ ಬಿಟ್ಟೆ?”

ಹೇಳುವುದಕ್ಕಿಂತ ಮಾಡಿ ತೋರಿಸುವುದು ನನಗೆ ಸುಲಭ. ಮೊದಲನೆಯ ಯಜಮಾನರ ಗೊಣಗಾಟ, ಎರಡನೆಯವರ ಮೂಗುದನಿ, ಮೂರನೆಯವರು ನಶ್ಯ ಏರಿಸಿಕೊಂಡು ಬೈಯುವ ಬಗೆ, ಮೂರನ್ನೂ ಮಾಡಿದೆ. ಯಜಮಾನರು ಹೊಟ್ಟೆ ಹಿಡಿದುಕೊಂಡು ನಕ್ಕರು. ನಡುವೆ ಥಟ್ಟನೆ ನಗು ನಿಲ್ಲಿಸಿದರು.

“ನಾಳೆ ಇನ್ನೊಬ್ಬರ ಮುಂದೆ ನನ್ನನ್ನೂ ಹಿಂಗೇ ಮಾಡ್ತೀಯ, ಅಲ್ವೇನಯ್ಯ?”

“ಇಲ್ಲ ಬುಡಿ ಸ್ವಾಮಿ,” ಎಂದೆ. ನನಗೇ ನಂಬಿಕೆ ಬರಲಿಲ್ಲ, ಅವರೆಲ್ಲಿ ನಂಬಿಯಾರು?

ಆಳು ಬೇಕಾಗಿತ್ತು, ಕೆಲಸ ಕೊಟ್ಟರು. ಆದರೆ ಅಂದಿನಿಂದ ನನ್ನೆದುರು ಬಾಯಿ ಬಿಡಲಿಲ್ಲ; ಮೊದಲ ದಿನ ಕೇಳಿದ ಎರಡು ಮಾತು ಅಣಕಿಸುವುದಕ್ಕೆ ಸಾಲದು. ಹೇಳಬೇಕಾದ್ದನ್ನು ಚೀಟಿಯಲ್ಲಿ ಬರೆದು ಕೊಡುತ್ತಾರೆ. ಕೆಮ್ಮು ಬಂದರೂ ಹೊರಗೆ ಹೋಗಿ ಕೆಮ್ಮುತ್ತಾರೆ. ಅಷ್ಟು ಜೋಪಾನ ಮಾಡಬೇಕಾದರೆ ಆ ದನಿಯಲ್ಲಿ ಏನೋ ಇರಬೇಕು ಎಂದು ಈಗ ಅನುಮಾನ ಪಡುವ ಸರದಿ ನನ್ನದು.

ನಾಲ್ಕು ವರ್ಷವಾಯಿತು, ಇನ್ನೂ ಅಲ್ಲೇ ಇದ್ದೇನೆ. ಹುಡುಗ ನಿಯತ್ತಿನವನಾದ ಎಂದು ನಮ್ಮಮ್ಮ ಬೀದಿಗೆಲ್ಲ ಹೇಳಿಕೊಂಡು ಬರುತ್ತಾಳೆ. ಒಂದು ಕೆಮ್ಮಾದರೂ ಕೈಗೆ ಸಿಗದೆ ಹೇಗೆ ಬಿಟ್ಟುಬರಲಿ?